ಸ್ತನ ಕ್ಯಾನ್ಸರ್ ಮತ್ತು ಸಹಕಾರ ಸಂಘದ ಕರ್ತವ್ಯ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಸಮಾವೇಶದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿ ಹಬ್ಬದ ಸಭೆಯಲ್ಲಿ ಇಪ್ಪತ್ತೈದು ವರ್ಷದ ಸಾಧನೆ ಹೇಳಬೇಕು, ಎಷ್ಟು ಲೀಟರ್‌ನಿಂದ ಎಷ್ಟು ಲೀಟರ್‌ಗೆ ಬಂದೆವು ಅಂತ ಲೆಕ್ಕ ಒಪ್ಪಿಸಬೇಕು ಅನ್ನುವುದು ವಾಡಿಕೆ. ಆ ಲೆಕ್ಕವನ್ನು ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಕೊಟ್ಟಿದ್ದಾರೆ. ನಮಗೆ ಆಡಳಿತ ಮಂಡಳಿ ಬೇರೆ ವಿಷಯ ವಹಿಸಿದೆ. ಹೆಣ್ಣುಮಕ್ಕಳ ಸ್ತನ ಕ್ಯಾನ್ಸರ್, ಅಂದರೆ ಎದೆಯಲ್ಲಿ ಆಗುವ ಕ್ಯಾನ್ಸರ್ ವಿಚಾರ. ಮಂಡಳಿ ಸಭೆಯಲ್ಲಿ ಈ ವಿಷಯ ಬಂದಾಗ "ಇಂಥದ್ದನ್ನೆಲ್ಲ ಮೈಕಿನಲ್ಲಿ ಮಾತಾಡೋದಾ?" ಅಂತ ಒಬ್ಬರು ಹಿರಿಯರು ಕೇಳಿದರು. ಅವರ ಸಂಕೋಚ ಸಹಜವೇ. ಆದರೆ ಈ ಸಂಕೋಚವೇ ನಮ್ಮ ಹಳ್ಳಿಗಳಲ್ಲಿ ಪ್ರಾಣ ತೆಗೀತಾ ಇದೆ. ಆದ್ದರಿಂದ ಮಾತಾಡಿಯೇ ತೀರಬೇಕು ಅಂತ ಮಂಡಳಿ ತೀರ್ಮಾನಿಸಿತು. ನಾವು ಡಾಕ್ಟರಲ್ಲ, ಎಸ್.ಎಸ್.ಎಲ್.ಸಿ. ಓದಿದ ರೈತರು. ತಾಲ್ಲೂಕು ಆಸ್ಪತ್ರೆಯ ಡಾಕ್ಟರ ಹತ್ತಿರ ಎರಡು ಮೂರು ದಿನ ಕೂತು ಕೇಳಿ ಬರೆದುಕೊಂಡು ಬಂದಿರುವುದನ್ನು ನಮಗೆ ತಿಳಿದ ಮಾತಿನಲ್ಲಿ ಹೇಳುತ್ತೇವೆ.

ಮೊದಲು ಲೆಕ್ಕದಿಂದ ಶುರು ಮಾಡೋಣ. ಸಂಘದವರಿಗೆ ಲೆಕ್ಕವಿಲ್ಲದ ಮಾತು ರುಚಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರ ಅಂದಾಜಿನ ಪ್ರಕಾರ 2022ನೇ ವರ್ಷದಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಬಂದ ಹೆಂಗಸರು ಸುಮಾರು 1 ಲಕ್ಷ 92 ಸಾವಿರ. ಅದೇ ವರ್ಷ ಈ ಕಾಯಿಲೆಯಿಂದ ತೀರಿಕೊಂಡವರು ಸುಮಾರು 98 ಸಾವಿರ. ಅಮೆರಿಕಾದಲ್ಲಿ ಅದೇ ವರ್ಷ ಹೊಸ ರೋಗಿಗಳು ಸುಮಾರು 2 ಲಕ್ಷ 74 ಸಾವಿರ, ಸತ್ತವರು ಸುಮಾರು 43 ಸಾವಿರ. ಒಂದೇ ವರ್ಷದ ಹೊಸ ರೋಗಿಗಳು ಮತ್ತು ಸತ್ತವರು ಅದೇ ಜನ ಅಲ್ಲ, ಅದು ಸರಿ. ಆದರೂ ಸ್ಥೂಲವಾಗಿ ನೋಡಿ. ಅವರಲ್ಲಿ ಆರು ಜನಕ್ಕೆ ರೋಗ ಬಂದರೆ ಒಂದು ಸಾವು. ನಮ್ಮಲ್ಲಿ ಇಬ್ಬರಿಗೆ ಬಂದರೆ ಒಂದು ಸಾವು. ಕಾಯಿಲೆ ಅವರಲ್ಲಿ ಹೆಚ್ಚು, ಸಾವು ನಮ್ಮಲ್ಲಿ ಹೆಚ್ಚು.

ಬಹಳ ಜನ ತಿಳಿದಿರುವುದು ಏನು? "ಇದು ಪಟ್ಟಣದವರ ಕಾಯಿಲೆ, ನಮ್ಮ ರಾಗಿ ಮುದ್ದೆ ತಿಂದು ಗದ್ದೆ ಕೆಲಸ ಮಾಡೋರಿಗೆ ಎಲ್ಲಿ ಬರುತ್ತೆ" ಅಂತ. ಇದರಲ್ಲಿ ಅರ್ಧ ಸತ್ಯ ಇದೆ. ನಮ್ಮ ದೇಶದಲ್ಲಿ 1982ರಿಂದ ರಾಷ್ಟ್ರೀಯ ಮಟ್ಟದಲ್ಲಿ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಬೆಂಗಳೂರು, ಮದ್ರಾಸು, ಮುಂಬಯಿ ಈ ಮೂರು ಊರಲ್ಲಿ ಜನಸಂಖ್ಯೆ ಲೆಕ್ಕ ಇಟ್ಟು ಮೊದಲು ಬರೆಯಲು ಶುರು ಮಾಡಿದರು. ಬೆಂಗಳೂರಿನ ಲೆಕ್ಕ ಕಿದ್ವಾಯಿ ಆಸ್ಪತ್ರೆಯವರದ್ದು. 1987ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಹಳ್ಳಿಗಳ ನೋಂದಣಿಯೂ ಆರಂಭವಾಯಿತು. 2012ರಿಂದ 2016ರ ವರದಿಯಂತೆ ಪ್ರತಿ ಲಕ್ಷ ಹೆಂಗಸರಿಗೆ ವರ್ಷಕ್ಕೆ ಹೈದರಾಬಾದಿನಲ್ಲಿ 48, ಚೆನ್ನೈಯಲ್ಲಿ 42, ಬೆಂಗಳೂರಿನಲ್ಲಿ 40 ಜನಕ್ಕೆ ಈ ಕಾಯಿಲೆ ಹೊಸದಾಗಿ ಬಂದಿದೆ. ಬಾರ್ಶಿಯಂಥ ಹಳ್ಳಿಗಾಡಿನಲ್ಲಿ ಇದಕ್ಕಿಂತ ಬಹಳ ಕಡಿಮೆ. 1982ರ ಹೊತ್ತಿಗೆ ಬೆಂಗಳೂರಿನ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರೇ ಮೊದಲ ಸ್ಥಾನದಲ್ಲಿತ್ತು. ವರ್ಷ ವರ್ಷಕ್ಕೆ ಅದು ಇಳಿಯುತ್ತಾ ಬಂತು, ಸ್ತನ ಕ್ಯಾನ್ಸರ್ ಏರುತ್ತಾ ಹೋಗಿ ಅದನ್ನು ಹಿಂದಕ್ಕೆ ಹಾಕಿತು. ದೇಶದ ಒಟ್ಟು ಲೆಕ್ಕದಲ್ಲೂ ಈಗ ಹೆಂಗಸರಿಗೆ ಇದೇ ಮೊದಲನೆಯದು.

ಹಾಗಾದರೆ ಪಟ್ಟಣಕ್ಕೆ ಹೆಚ್ಚು, ಹಳ್ಳಿಗೆ ಕಡಿಮೆ ಅಂತ ಸುಮ್ಮನೆ ಕೂರಬಹುದೇ? ಕೂರಕಾಗಲ್ಲ. ಕಾರಣ ಎರಡು. ಪಟ್ಟಣದಲ್ಲಿ ಹೆಚ್ಚಾಗಲು ಡಾಕ್ಟರು ಹೇಳುವ ಕಾರಣಗಳು ತಡವಾಗಿ ಮದುವೆ, ತಡವಾಗಿ ಮೊದಲ ಹೆರಿಗೆ, ಕಡಿಮೆ ಮಕ್ಕಳು, ಎದೆಹಾಲು ಕೊಡುವ ಕಾಲ ಕಡಿಮೆಯಾಗಿರುವುದು, ಮೈಗೆ ಕೆಲಸವಿಲ್ಲದೆ ಬೊಜ್ಜು ಬರುವುದು. ಇವುಗಳಲ್ಲಿ ಯಾವುದು ನಮ್ಮ ಹಳ್ಳಿಗೆ ಬಂದಿಲ್ಲ ಹೇಳಿ? ನಮ್ಮ ಅವ್ವಂದಿರು ಏಳೆಂಟು ಮಕ್ಕಳನ್ನು ಹೆತ್ತು ಎರಡೆರಡು ವರ್ಷ ಹಾಲು ಕುಡಿಸಿದರು. ನಮ್ಮ ಸೊಸೆಯಂದಿರಿಗೆ ಒಂದು ಇಲ್ಲ ಎರಡು ಮಕ್ಕಳು. ಅದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಬದುಕು ಬದಲಾದ ಮೇಲೆ ಕಾಯಿಲೆಯೂ ಬದಲಾಗುತ್ತದೆ, ತಪಾಸಣೆಯೂ ಬದಲಾಗಬೇಕು. ಎರಡನೆಯ ಕಾರಣ, ಕಾಯಿಲೆ ಬಂದವರಲ್ಲಿ ಎಷ್ಟು ಜನ ಉಳಿಯುತ್ತಾರೆ ಅನ್ನುವುದು. ಇಲ್ಲೇ ಊರಿಂದ ಊರಿಗೆ ವ್ಯತ್ಯಾಸ ಇರುವುದು.

ನಮ್ಮ ದೇಶದ 11 ಕಡೆಯ ನೋಂದಣಿಗಳಲ್ಲಿ 2012ರಿಂದ 2015ರವರೆಗೆ ರೋಗ ಗೊತ್ತಾದ 17 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಹುಡುಕಿಕೊಂಡು ಹೋಗಿ, ಐದು ವರ್ಷ ಆದ ಮೇಲೆ ಎಷ್ಟು ಜನ ಬದುಕಿದ್ದಾರೆ ಅಂತ ನೋಡಿದ್ದಾರೆ. ಒಟ್ಟಾರೆ ನೂರಕ್ಕೆ 66 ಜನ ಉಳಿದಿದ್ದರು. ಮಿಜೋರಾಂನಲ್ಲಿ ನೂರಕ್ಕೆ 75, ಅಹಮದಾಬಾದಿನಲ್ಲಿ 73, ಕೇರಳದ ಕೊಲ್ಲಂನಲ್ಲಿ 71, ತಿರುವನಂತಪುರದಲ್ಲಿ 69. ಅರುಣಾಚಲ ಪ್ರದೇಶದ ಪಾಸಿಘಾಟ್‌ನಲ್ಲಿ ಬರೀ 42. ಒಂದೇ ದೇಶ, ಒಂದೇ ಕಾಯಿಲೆ. ಒಂದು ಕಡೆ ನಾಲ್ವರಲ್ಲಿ ಮೂವರು ಉಳಿದರು, ಇನ್ನೊಂದು ಕಡೆ ಅರ್ಧ ಜನವೂ ಉಳಿಯಲಿಲ್ಲ.

ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. ಇದನ್ನು ಎಲ್ಲರೂ ಮನಸ್ಸಿಗೆ ಹಾಕಿಕೊಳ್ಳಬೇಕು. ಗಂಟು ಹುಟ್ಟಿದ ಜಾಗದಲ್ಲೇ ಇದ್ದಾಗ ಪತ್ತೆಯಾಗಿದ್ದರೆ ಐದು ವರ್ಷದ ಮೇಲೆ ಉಳಿದವರು ನೂರಕ್ಕೆ 81. ಕಂಕುಳಿನ ಗಂಟಿಗೆ, ಅಕ್ಕಪಕ್ಕಕ್ಕೆ ಹರಡಿದ ಮೇಲೆ ಪತ್ತೆಯಾಗಿದ್ದರೆ 65. ಮೂಳೆ, ಶ್ವಾಸಕೋಶ, ಪಿತ್ತಜನಕಾಂಗಕ್ಕೆ ಹರಡಿದ ಮೇಲೆ ಬಂದಿದ್ದರೆ ಬರೀ 18. ಎಂಬತ್ತೊಂದು ಎಲ್ಲಿ, ಹದಿನೆಂಟು ಎಲ್ಲಿ! ಈ ನಡುವೆ ಇರುವುದು ಹಣೆಬರಹ ಅಲ್ಲ. ಆಸ್ಪತ್ರೆಗೆ ಹೋದ ದಿನ ಯಾವುದು ಅನ್ನುವುದು.

ನಾವು ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ರೈತರು. ಕಟ್ಟೆಯಲ್ಲಿ ನೀರು ತುಂಬಿದ್ದರೂ ತೂಬಿನ ಹತ್ತಿರದವನ ಗದ್ದೆ ನಾಟಿ ಆಗಿ ಹದಿನೈದು ದಿನಕ್ಕೆ ನಮ್ಮ ಬಯಲಿಗೆ ನೀರು ಬರುವುದು. ಕಟ್ಟೆಯಲ್ಲಿ ನೀರಿಲ್ಲದಾಗ ಎಲ್ಲರ ಗದ್ದೆಯೂ ಒಂದೇ. ನೀರು ಬಂದ ಮೇಲೆ ಮೇಲಿನವನಿಗೂ ಕೆಳಗಿನವನಿಗೂ ಅಂತರ ಶುರು. ಚಿಕಿತ್ಸೆಯೂ ಹಾಗೆಯೇ. ಅಮೆರಿಕಾದಲ್ಲಿ 1989ರಿಂದ ಈಚೆಗೆ ಸ್ತನ ಕ್ಯಾನ್ಸರ್ ಸಾವಿನ ಪ್ರಮಾಣ ಇಳಿಯುತ್ತಾ ಬಂದು 2022ರ ಹೊತ್ತಿಗೆ ನೂರಕ್ಕೆ 44ರಷ್ಟು ಕಡಿಮೆಯಾಗಿದೆ. ಬೇಗ ಪತ್ತೆ ಮತ್ತು ಒಳ್ಳೆಯ ಔಷಧಿ, ಇವೆರಡರಿಂದ. ಆದರೆ ಅಲ್ಲಿಯ ಕಪ್ಪು ಜನಾಂಗದ ಹೆಂಗಸರಿಗೆ ಬಿಳಿಯರಿಗಿಂತ ಈ ಕಾಯಿಲೆ ಬರುವುದು ಸ್ವಲ್ಪ ಕಡಿಮೆ, ಸಾಯುವುದು ಮಾತ್ರ ನೂರಕ್ಕೆ 38ರಷ್ಟು ಹೆಚ್ಚು. 1980ರ ಸುಮಾರಿನವರೆಗೆ ಇಬ್ಬರ ಸಾವಿನ ಪ್ರಮಾಣವೂ ಹತ್ತಿರ ಹತ್ತಿರ ಇತ್ತು. ಹೊಸ ತಪಾಸಣೆ, ಹೊಸ ಔಷಧಿ ಬಂದ ಮೇಲೆ ಅಂತರ ಬೆಳೆಯಿತು. ಕಾಯಿಲೆಯ ಗುಣದಲ್ಲೂ ಸ್ವಲ್ಪ ವ್ಯತ್ಯಾಸ ಇದೆ ಅಂತಾರೆ, ಆದರೆ ದೊಡ್ಡ ಕಾರಣ ಚಿಕಿತ್ಸೆ ತಲುಪದಿರುವುದು. ಅಷ್ಟು ಶ್ರೀಮಂತ ದೇಶದಲ್ಲೇ ನಾಲೆಯ ಕೊನೆಯವರಿಗೆ ನೀರು ತಡವಾಗಿ ಬಂದರೆ ನಮ್ಮ ಹಳ್ಳಿಯ ಗತಿ ಏನು ಅಂತ ಯೋಚಿಸಿ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 2010ರಲ್ಲಿ ಬಡವರಿಗೆ ದೊಡ್ಡ ಕಾಯಿಲೆಗಳ ಉಚಿತ ಚಿಕಿತ್ಸೆಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರ ಭಾಗದ ಜಿಲ್ಲೆಗಳಲ್ಲಿ ಜಾರಿಗೆ ಬಂತು. ಕ್ಯಾನ್ಸರ್, ಹೃದಯ, ಮೂತ್ರಪಿಂಡದ ಕಾಯಿಲೆಗಳು ಅದರಲ್ಲಿ ಸೇರಿದ್ದವು. ಯೋಜನೆ ಬಂದ ಜಿಲ್ಲೆಯ ಗಡಿಯ ಆ ಕಡೆ 272 ಹಳ್ಳಿ, ಇನ್ನೂ ಬರದಿದ್ದ ಈ ಕಡೆ 300 ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಅಧ್ಯಯನ ಮಾಡಿದರು. 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ, ಯೋಜನೆಗೆ ಸೇರಿದ ಕಾಯಿಲೆಗಳಿಂದಾದ ಸಾವು ನೂರಕ್ಕೆ 64ರಷ್ಟು ಕಡಿಮೆ ಇತ್ತು. ಇದು ಬರೀ ಸ್ತನ ಕ್ಯಾನ್ಸರ್ ಲೆಕ್ಕವಲ್ಲ, ಎಲ್ಲ ದೊಡ್ಡ ಕಾಯಿಲೆ ಸೇರಿದ್ದು. ಆದರೂ ನೋಡಿ, ಒಂದೇ ಮಣ್ಣು, ಒಂದೇ ಮಳೆ, ಒಂದೇ ಜನ. ನಡುವೆ ಒಂದು ಕಾಗದದ ಗೆರೆ. ಆ ಗೆರೆಯ ಯಾವ ಕಡೆ ಮನೆ ಇದೆ ಅನ್ನುವುದರ ಮೇಲೆ ಸಾವು ಬದುಕು ನಿಂತಿತ್ತು.

ನಮ್ಮ ಊರಿನ ಸಾವಿನ ಲೆಕ್ಕ ಎಷ್ಟು? ಯಾರಿಗೂ ಗೊತ್ತಿಲ್ಲ. ನಮ್ಮ ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದು ದೃಢೀಕರಿಸಿದ್ದು ನೂರಕ್ಕೆ ಸುಮಾರು 22 ಮಾತ್ರ. ಮನೆಯಲ್ಲಿ ತೀರಿಕೊಂಡರೆ "ಕಾಯಿಲೆ ಇತ್ತು, ಹೋದರು" ಅಂತ ಮುಗಿಸುತ್ತಾರೆ. ಸಂಘದಲ್ಲಿ ಒಂದು ಕ್ಯಾನ್ ಹಾಲು ಒಡೆದರೂ ರಿಜಿಸ್ಟರಿನಲ್ಲಿ ಕಾರಣ ಬರೆಯುತ್ತೇವೆ. ಮನುಷ್ಯರು ಹೋದಾಗ ಬರೆಸುವುದು ಬೇಡವೇ? ಮರಣ ನೋಂದಣಿ ಮಾಡಿಸುವಾಗ ಆಸ್ಪತ್ರೆಯ ಚೀಟಿ ತೋರಿಸಿ ಕಾರಣ ಬರೆಸಿ. ಲೆಕ್ಕ ಇದ್ದ ಕಡೆಗೆ ತಾನೇ ಸರ್ಕಾರದ ಸೌಲಭ್ಯ ಬರುವುದು.

ಈಗ ನೇರವಾಗಿ ಅವ್ವಂದಿರಿಗೆ, ಅಕ್ಕಂದಿರಿಗೆ ಒಂದು ಮಾತು. ಹೋಲಿಕೆ ಕೊಟ್ಟರೆ ತಪ್ಪು ತಿಳಿಯಬೇಡಿ. ಹಸುವಿನ ಕೆಚ್ಚಲಲ್ಲಿ ಸ್ವಲ್ಪ ಗಟ್ಟಿ ಕಂಡರೆ, ಹಾಲಿನಲ್ಲಿ ಒಂದು ಎಳೆ ರಕ್ತ ಕಂಡರೆ, ಕೆಚ್ಚಲು ಬಾವು ಅಂತ ಹೇಳಿ ಆ ಹೊತ್ತೇ ಪಶುವೈದ್ಯರಿಗೆ ಫೋನ್ ಮಾಡಿಸುತ್ತೀರಿ. ಡಾಕ್ಟರು ಸಾಯಂಕಾಲ ಬರ್ತೀನಿ ಅಂದರೆ ಜಗಳಕ್ಕೆ ಹೋಗುತ್ತೀರಿ. ಅದೇ ಕೈಗೆ ನಿಮ್ಮ ಮೈಯಲ್ಲೇ ಒಂದು ಗಂಟು ಸಿಕ್ಕಿದರೆ? ನೋವಿಲ್ಲವಲ್ಲ ಅಂತ ಬಿಡುತ್ತೀರಿ. ನೋವಿಲ್ಲದಿರುವುದೇ ಇದರ ಮೋಸ. ಮೊದಲಿಗೆ ಬಹಳ ಜನಕ್ಕೆ ನೋವೇ ಇರುವುದಿಲ್ಲ.

ಏನೇನು ಕಂಡರೆ ಹೋಗಬೇಕು? ಎದೆಯಲ್ಲಿ ಅಥವಾ ಕಂಕುಳಲ್ಲಿ ಗಂಟು. ಒಂದು ಕಡೆಯ ಗಾತ್ರ, ಆಕಾರ ಹೊಸದಾಗಿ ಬದಲಾಗುವುದು. ತೊಟ್ಟು ಒಳಗೆ ಎಳೆದುಕೊಳ್ಳುವುದು. ತೊಟ್ಟಿನಿಂದ ರಕ್ತ ಅಥವಾ ನೀರು ಬರುವುದು. ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ ಆಗುವುದು. ವಾಸಿಯಾಗದ ಹುಣ್ಣು. ಇವುಗಳಲ್ಲಿ ಒಂದು ಕಂಡರೂ ಹೊರಡಬೇಕು. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಸಾದಾ ಗಂಟುಗಳೇ. ಆದರೆ ಯಾವುದು ಸಾದಾ, ಯಾವುದು ಅಲ್ಲ ಅಂತ ಹೇಳಬೇಕಾದವರು ಡಾಕ್ಟರು, ಪಕ್ಕದ ಮನೆಯವರಲ್ಲ. ಪಶ್ಚಿಮ ದೇಶಗಳಿಗಿಂತ ನಮ್ಮಲ್ಲಿ ಸುಮಾರು ಹತ್ತು ವರ್ಷ ಮೊದಲೇ ಇದು ಬರುತ್ತದೆ. ಆದ್ದರಿಂದ "ನನಗಿನ್ನೂ ನಲವತ್ತೈದು, ನನಗೇಕೆ" ಅನ್ನಬೇಡಿ. ಅಪರೂಪಕ್ಕೆ ಗಂಡಸರಿಗೂ ಬರುತ್ತದೆ.

ಕೆಲವು ಸುಳ್ಳು ಮಾತುಗಳನ್ನು ಇಲ್ಲೇ ಬಿಟ್ಟುಬಿಡಬೇಕು. ಇದು ಅಂಟುರೋಗ ಅಲ್ಲ. ಜೊತೆಗೆ ಕೂತು ಊಟ ಮಾಡಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಬರುವುದಿಲ್ಲ. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ಹರಡುತ್ತದೆ ಅನ್ನುವುದು ಸುಳ್ಳು. ಯಾರದೋ ದೃಷ್ಟಿ, ಯಾವುದೋ ಪಾಪ ಅನ್ನುವುದು ಸುಳ್ಳು. ಸೊಪ್ಪಿನ ಪಟ್ಟು ಹಾಕಿ ಆರು ತಿಂಗಳು ಕಳೆದರೆ ಗಂಟು ಹೋಗುವುದಿಲ್ಲ, ಆರು ತಿಂಗಳು ಹೋಗುತ್ತದೆ. ದೇವರಿಗೆ ಹರಕೆ ಹೊರಬೇಕೇ, ಹೊರಿ. ಹರಕೆ ಹೊತ್ತ ದಿನವೇ ಆಸ್ಪತ್ರೆಗೂ ಹೋಗಿ.

ನಮ್ಮ ಸಂಘದ ಪಾಸ್ ಪುಸ್ತಕದಲ್ಲಿ ಹೆಸರಿದ್ದ ಒಬ್ಬ ತಾಯಿ ಹದಿನಾಲ್ಕು ವರ್ಷ ತಪ್ಪದೆ ಹಾಲು ಹಾಕಿದರು. ಹೆಸರು ಹೇಳುವುದಿಲ್ಲ. ಗಂಟು ಕಂಡಾಗ ಮಗಳ ಮದುವೆ ಗೊತ್ತಾಗಿತ್ತು. ಮದುವೆ ಮುಗಿಯಲಿ ಅಂದರು. ಮುಗಿಯಿತು. ಹಸು ಈಯಲಿ ಅಂದರು. ಈಯಿತು. ಕಬ್ಬಿನ ದುಡ್ಡು ಬರಲಿ ಅಂದರು. ಮನೆಯವರಿಗೆ ಬಾಯಿ ಬಿಟ್ಟು ಹೇಳಿದಾಗ ಹನ್ನೊಂದು ತಿಂಗಳಾಗಿತ್ತು, ಬೆನ್ನು ಮೂಳೆಗೆ ಇಳಿದಿತ್ತು. ಉಳಿಯಲಿಲ್ಲ. ಇನ್ನೊಬ್ಬ ಅಕ್ಕ ಇದೇ ಸಭೆಯಲ್ಲಿ ಕೂತಿದ್ದಾರೆ, ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇವೆ. ಆಶಾ ಕಾರ್ಯಕರ್ತೆ ಹೇಳಿದ ವಾರದಲ್ಲೇ ಹೋದರು. ಆಪರೇಷನ್ ಆಯಿತು, ಕೀಮೋ ಆಯಿತು, ನಮ್ಮ ಕಡೆ ಕರೆಂಟು ಕೊಡೋದು ಅಂತಾರಲ್ಲ, ಅದೂ ಆಯಿತು. ಉದುರಿದ ಕೂದಲು ಮತ್ತೆ ಬಂತು. ಇವತ್ತು ಬೆಳಿಗ್ಗೆಯೂ ಆರು ಲೀಟರ್ ಹಾಲು ಹಾಕಿ ಬಂದಿದ್ದಾರೆ.

"ಅಷ್ಟೆಲ್ಲ ದೊಡ್ಡ ಮೆಷಿನ್ ನಮ್ಮ ಊರಿಗೆ ಬರುತ್ತಾ?" ಅಂತ ಕೇಳಬಹುದು. ಮುಂಬಯಿಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಒಂದು ಕೆಲಸ ಶುರು ಮಾಡಿದರು. ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ನಾಲ್ಕು ಸುತ್ತು ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿಸಿದರು. ಮಾಡಿದವರು ದೊಡ್ಡ ಡಾಕ್ಟರಲ್ಲ, ಹತ್ತನೇ ಕ್ಲಾಸಿನ ಮಟ್ಟದವರೆಗೆ ಓದಿ ತರಬೇತಿ ಪಡೆದ ಹೆಣ್ಣುಮಕ್ಕಳು. ಇಪ್ಪತ್ತು ವರ್ಷದ ಫಲಿತಾಂಶ 2021ರಲ್ಲಿ ಬಂತು. 50 ವರ್ಷ ದಾಟಿದವರಲ್ಲಿ ಸಾವು ನೂರಕ್ಕೆ ಸುಮಾರು 30ರಷ್ಟು ಕಡಿಮೆಯಾಗಿತ್ತು. 50ರ ಒಳಗಿನವರಲ್ಲಿ ಅಂಥ ಇಳಿತ ಕಾಣಲಿಲ್ಲ, ಆದರೆ ಎಲ್ಲ ವಯಸ್ಸಿನವರಲ್ಲೂ ರೋಗ ಬೇಗ ಪತ್ತೆಯಾಯಿತು. ಮೆಷಿನ್ ಇಲ್ಲದೆ, ತರಬೇತಿ ಪಡೆದ ಕೈಯಿಂದಲೇ ಇಷ್ಟು ಆಗುತ್ತದೆ. ನಮ್ಮ ಉಪಕೇಂದ್ರದಲ್ಲೂ 30 ವರ್ಷ ದಾಟಿದವರಿಗೆ ಬಿ.ಪಿ., ಸಕ್ಕರೆ ಜೊತೆಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಮಾಡಬೇಕೆಂಬ ಕಾರ್ಯಕ್ರಮ ಇದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಸ್ತನ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಕಾರ್ಯಕ್ರಮ ಇದೆ, ಜನ ಇಲ್ಲ. ಜನರನ್ನು ಸೇರಿಸುವುದು ಸಂಘಕ್ಕೆ ಗೊತ್ತಿರುವ ಕೆಲಸ.

ದುಡ್ಡಿನ ಮಾತು. ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಕ್ಯಾನ್ಸರ್ ಅದರಲ್ಲಿ ಸೇರಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಅವರ ಚೀಟಿ ಪಡೆದೇ ಮುಂದಕ್ಕೆ ಹೋಗಬೇಕು. ನೇರ ಖಾಸಗಿಗೆ ಹೋಗಿ ಬಿಲ್ಲು ತಂದರೆ ಉಪಯೋಗವಿಲ್ಲ. ಸಹಕಾರಿಗಳಿಗಾಗಿಯೇ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು 2022-23ರಲ್ಲಿ ಮತ್ತೆ ಶುರುವಾಯಿತು. ಅದರಲ್ಲಿ ಯಾವ ಚಿಕಿತ್ಸೆಗೆ ಎಷ್ಟು ಅನ್ನುವುದನ್ನು ಕಾರ್ಯದರ್ಶಿಗಳ ಹತ್ತಿರ ಕೇಳಿ ತಿಳಿಯಿರಿ, ನೋಂದಣಿಯ ದಿನ ಮೀರಿಸಬೇಡಿ. ತಪಾಸಣೆಗೆ ಮಂಡ್ಯದ ಮಿಮ್ಸ್ ಇದೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ. ಬೆಂಗಳೂರಿನ ಕಿದ್ವಾಯಿ ಸರ್ಕಾರಕ್ಕೆ ಸೇರಿದ ಸಂಸ್ಥೆ, ಅಲ್ಲಿ ಉಳಿದುಕೊಳ್ಳಲು ಧರ್ಮಶಾಲೆಯೂ ಇದೆ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರೈಲಿನಲ್ಲಿ ರಿಯಾಯಿತಿ ಇದೆ.

ಚಿಕಿತ್ಸೆ ಶುರು ಮಾಡುವುದು ಎಷ್ಟು ಮುಖ್ಯವೋ ಮುಗಿಸುವುದೂ ಅಷ್ಟೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸ್ತನ ಕ್ಯಾನ್ಸರ್ ಸಾವನ್ನು ವರ್ಷಕ್ಕೆ ನೂರಕ್ಕೆ ಎರಡೂವರೆಯಂತೆ ಇಳಿಸುವ ಗುರಿ ಇಟ್ಟಿತು. ಅದಕ್ಕೆ ಮೂರು ದಾರಿ ಹೇಳಿದೆ. ನೂರರಲ್ಲಿ 60 ರೋಗಿಗಳಾದರೂ ಮೊದಲ ಎರಡು ಹಂತದಲ್ಲೇ ಪತ್ತೆಯಾಗಬೇಕು. ಆಸ್ಪತ್ರೆಗೆ ಬಂದ 60 ದಿನದೊಳಗೆ ಏನೆಂದು ತೀರ್ಮಾನವಾಗಬೇಕು. ನೂರಕ್ಕೆ 80 ಜನ ಚಿಕಿತ್ಸೆ ಪೂರ್ತಿ ಮುಗಿಸಬೇಕು. ನಮ್ಮ ಹೆಣ್ಣುಮಕ್ಕಳು ಎರಡು ಕೀಮೋ ಆದ ಮೇಲೆ ಬಿಟ್ಟು ಬರುತ್ತಾರೆ. ಸುಸ್ತು ಒಂದು ಕಾರಣ. ಬಸ್ ಚಾರ್ಜು, ಹಸು ಕರೆಯುವವರಿಲ್ಲ, ಮಕ್ಕಳಿಗೆ ಅಡಿಗೆ ಮಾಡುವವರಿಲ್ಲ, ಇವು ಇನ್ನೂ ದೊಡ್ಡ ಕಾರಣ. ಕೆಲವರಿಗೆ ಆಪರೇಷನ್ ಆದ ಮೇಲೆ ಟ್ಯಾಮೊಕ್ಸಿಫೆನ್ ಅಂತ ಒಂದು ಮಾತ್ರೆಯನ್ನು ಐದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಕೊಡುತ್ತಾರೆ. ಬೆಲೆ ಬಹಳ ಇಲ್ಲ. ಯಾರಿಗೆ ಅದು ಹೊಂದುತ್ತದೋ ಅವರಲ್ಲಿ ಈ ಕಾಯಿಲೆಯಿಂದ ಸಾಯುವವರು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗುತ್ತಾರೆ. ಆದರೆ ಚೆನ್ನಾಗಿದ್ದೀನಲ್ಲ ಅಂತ ಎರಡನೇ ವರ್ಷಕ್ಕೆ ಮಾತ್ರೆ ಬಿಡುವವರಿದ್ದಾರೆ. ಡಾಕ್ಟರು ಹೇಳದೆ ಬಿಡಬೇಡಿ.

ಇಷ್ಟು ಹೇಳಿದ ಮೇಲೆ ಸಂಘ ಏನು ಮಾಡುತ್ತದೆ ಅನ್ನದಿದ್ದರೆ ಇದು ಬರೀ ಭಾಷಣ ಆದೀತು. ಆಡಳಿತ ಮಂಡಳಿಯ ಪರವಾಗಿ ಮುಂದಿನ ಸರ್ವ ಸದಸ್ಯರ ಸಭೆಗೆ ನಾಲ್ಕು ವಿಷಯ ತರುತ್ತೇವೆ.

ಒಂದು, ವರ್ಷಕ್ಕೆರಡು ಬಾರಿ ಬಟವಾಡೆ ದಿನದಂದೇ, ಹೇಗೂ ಎಲ್ಲರೂ ಬರುವ ದಿನ, ಸಂಘದ ಕಟ್ಟಡದಲ್ಲಿ ಮರೆ ಕಟ್ಟಿ, ಆರೋಗ್ಯ ಕೇಂದ್ರದ ಸಿಸ್ಟರ್ ಕರೆಸಿ ತಪಾಸಣೆ. ಅಲ್ಲಿ ಗಂಡಸರಿಗೆ ಪ್ರವೇಶವಿಲ್ಲ, ನಿರ್ದೇಶಕರಿಗೂ ಇಲ್ಲ.

ಎರಡು, ಗಂಟು ಇದೆ ಅಂತ ಚೀಟಿ ಕೊಟ್ಟ ಯಾವ ಸದಸ್ಯೆಗಾದರೂ ದೊಡ್ಡಾಸ್ಪತ್ರೆಗೆ ಹೋಗಿಬರುವ ಖರ್ಚು ಧರ್ಮಾರ್ಥ ನಿಧಿಯಿಂದ. ಅದನ್ನು ಹಾಲಿನ ಹಣದಲ್ಲಿ ಹಿಡಿಯುವುದಿಲ್ಲ.

ಮೂರು, ಚಿಕಿತ್ಸೆ ನಡೆಯುವಷ್ಟು ದಿನ ಅವರ ಮನೆಯ ಹಸು ಕರೆದು ಹಾಲು ಹಾಕಲು ಬೀದಿಯವರು ಸರದಿ ಹಾಕಿಕೊಳ್ಳುವುದು. ಮುಯ್ಯಾಳು ಪದ್ಧತಿ ನಮ್ಮ ಊರಿಗೆ ಹೊಸದಲ್ಲ. ನಾಟಿಗೆ ಮುಯ್ಯಿ ಹೋಗುವವರು ಒಂದು ಜೀವಕ್ಕೆ ಹೋಗುವುದಿಲ್ಲವೇ?

ನಾಲ್ಕು, ಹೆಣ್ಣುಮಕ್ಕಳಲ್ಲೇ ಇಬ್ಬರು ಜೊತೆಗಾರರು. ಮೊದಲ ಸಲ ಆಸ್ಪತ್ರೆಗೆ ಹೋಗುವವರ ಜೊತೆ ಹೋಗಿ ಯಾವ ಕೌಂಟರು, ಯಾವ ಕಾಗದ ಅಂತ ತೋರಿಸಿಕೊಡಲು.

ಕೊನೆಯದಾಗಿ ಗಂಡಸರಿಗೆ. ಮನೆಯ ಹೆಣ್ಣುಮಗಳು ತನಗೆ ಹೀಗಾಗಿದೆ ಅಂತ ಹೇಳಿದರೆ ಅದನ್ನು ಹೇಳಲು ಅವಳು ಎಷ್ಟು ದಿನ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಾಳೋ. "ನೋಡೋಣ ಬಿಡು" ಅನ್ನಬೇಡಿ. "ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗೋಣ" ಅನ್ನಿ. ಗೆದ್ದಲು ಹತ್ತಿದ ತೊಲೆ ಕಂಡ ದಿನವೇ ಬದಲಾಯಿಸಿದರೆ ಮನೆ ಉಳಿಯುತ್ತದೆ.

ಈ ಸಂಘದಲ್ಲಿ ಇಪ್ಪತ್ತೈದು ವರ್ಷದಿಂದ ಸೇರಿದ ಹಾಲಿನಲ್ಲಿ ಮುಕ್ಕಾಲು ಪಾಲು ಕರೆದ ಕೈ ಹೆಂಗಸರದು. ಆ ಕೈಗಳ ಆಯಸ್ಸು ಸಂಘದ ಆಸ್ತಿ. ನಾಲ್ಕೂ ವಿಷಯಗಳಿಗೆ ಸರ್ವ ಸದಸ್ಯರ ಸಭೆಯಲ್ಲಿ ತಾವೆಲ್ಲರೂ ಕೈ ಎತ್ತಬೇಕೆಂದು ಕೇಳಿಕೊಳ್ಳುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.